ಸಿಪ್ಪೆ ಬಿಡದ ಕಾಳು

ಮೊರದ ತುಂಬ ಹರಡಿದ್ದ ಶೇಂಗಾ ಕಾಳಿನ ಮೇಲೆ ಶಂಕರಮ್ಮನ ಬಲಗೈ ಓಡುತ್ತಿತ್ತು. ಮುರಿದದ್ದು ಎಡಕ್ಕೆ, ಸೊರಗಿದ್ದು ಕಾಲಬುಡಕ್ಕೆ, ದಪ್ಪ ಕಾಳು ಮುಂದಿನ ಬುಟ್ಟಿಗೆ. ಕಣ್ಣಿಗಿಂತ ಮೊದಲು ಬೆರಳಿಗೇ ತಿಳಿಯುತ್ತಿತ್ತು. ಆದವಾನಿಯ ಈ ಶೇಂಗಾ ಫ್ಯಾಕ್ಟರಿಯಲ್ಲಿ ಹನ್ನೆರಡು ವರ್ಷ ಕೂತವಳು ಅವಳು.

ದಿನಾ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂಡುತ್ತಿದ್ದ ವೀರಬಸಮ್ಮ ಇವತ್ತು ಒಂದು ಚೀಲದಷ್ಟು ದೂರ ಸರಿದು ಕೂತಿದ್ದಳು. ಎಲೆಅಡಿಕೆಯ ಸಂಚಿ ಬಿಚ್ಚಿದಳು, ತಾನೊಬ್ಬಳೇ ಹಾಕಿಕೊಂಡಳು, ಮತ್ತೆ ಕಟ್ಟಿದಳು.

"ನನಗೊಂದೆಲಿ ಕೊಡವಾ," ಎಂದಳು ಶಂಕರಮ್ಮ.

"ಹೊಳಗುಂದದಾಗ ಚೊಲೋ ಎಲಿ ಸಿಗತಾವಂತ. ಅಲ್ಲೇ ಹೋಗಿ ತಿನ್ನು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೆಳಿಗ್ಗೆ ಹಮಾಲಿ ಬಜಾರಪ್ಪ ಸುದ್ದಿ ತಂದಿದ್ದ: ಸೋಮವಾರದಿಂದ ಇಲ್ಲಿ ಕಾಳು ಆರಿಸುವ ಕೆಲಸವಿಲ್ಲ, ಶೇಂಗಾ ಬೆಳೆಯುವ ಹೊಳಗುಂದದಿಂದಲೇ ಆರಿಸಿದ ಮಾಲು ಬರುತ್ತದೆ. ಹೊಳಗುಂದದ ಹೆಂಗಸರಿಗೆ ಆ ಕೆಲಸ ಕಲಿಸಿ ಬಂದವಳು ಶಂಕರಮ್ಮನೇ.

ಬೇಸಿಗೆಯಲ್ಲಿ ಮ್ಯಾನೇಜರ್ ಸೇತುಮಾಧವರಾಯರು ಈ ಸಾಲಿನ ಮುಂದೆ ನಿಂತು ಒಂದು ಕಾಗದ ಓದಿ ಹೇಳಿದ್ದರು. ಇಲ್ಲಿಯ ಶೇಂಗಾ ಕೊಳ್ಳುವ ಪರದೇಶದ ಮಿಠಾಯಿ ಕಾರ್ಖಾನೆಯವರು ಬರೆದದ್ದು. ಅವರಲ್ಲಿ ಕೂಲಿ ಬಲು ತುಟ್ಟಿ. ಕಾಳು ಆರಿಸಲು ಆಳು ಇಟ್ಟುಕೊಂಡರೆ ಕಾರ್ಖಾನೆಯೇ ಮುಚ್ಚಬೇಕಾದೀತು. ಅದಕ್ಕೆ ಆರಿಸುವ ಕೋಣೆಯನ್ನೇ ತೆಗೆದುಹಾಕಿ, ಗೋದಾಮನ್ನೂ ಅರ್ಧ ಮಾಡಿದ್ದರು. ಇನ್ನು ಹಡಗಿನಿಂದಿಳಿದ ಮಾಲು ನೆಟ್ಟಗೆ ಯಂತ್ರಕ್ಕೆ ಹೋಗಬೇಕು. ಎಲ್ಲ ಕಾಳೂ ಒಂದೇ ಅಳತೆ ಇರಬೇಕು, ತಿಂಗಳು ತಿಂಗಳು ಹೇಳಿದ ದಿನಕ್ಕೆ ಮುಟ್ಟಬೇಕು.

"ಅಲ್ಲಿ ಒಬ್ಬಾಕಿಗೆ ಒಂದು ತಾಸಿಗೆ ಕೊಡೋ ಕೂಲಿಯಾಗ ಇಲ್ಲಿ ನಿಮ್ಮ ವಾರ ಕಳೀತೈತಿ," ಎಂದಿದ್ದರು ರಾಯರು.

"ಹಂಗಾರ ನಮ್ಮನ್ನ ಹಡಗಿಗೆ ಹಾಕಿ ಕಳಸ್ರೀ ರಾಯರ. ಆಕಿ ಬಂದು ಇಲ್ಲಿ ನನ್ನ ಮೊರ ಹಿಡೀಲಿ, ಹಂಗ ನಮ್ಮ ಅತ್ತಿನ್ನೂ ನೋಡ್ಕೊಳ್ಳಲಿ!" ಎಂದಿದ್ದಳು ವೀರಬಸಮ್ಮ. ರಾಯರೂ ನಕ್ಕಿದ್ದರು.

ಆಮೇಲೆ ಅವರು ಶಂಕರಮ್ಮನನ್ನು ಮಾತ್ರ ಒಳಗೆ ಕರೆದರು. "ಮಣ್ಣು, ಜೊಳ್ಳು ಎಲ್ಲಾ ಲಾರಿಯಾಗ ಹೊತ್ತು ತಂದು ಇಲ್ಲಿ ಚೆಲ್ಲತೀವಿ. ಬೆಳೆಯೋ ಊರಾಗ ಒಂದಿಷ್ಟು ಆರಿಸಿದರ ದಿನಕ್ಕ ಸರಿಯಾಗಿ ಮಾಲು ಮುಟ್ಟತೈತಿ. ಹೊಳಗುಂದದಾಗ ತಿಂಗಳು ಇದ್ದು ಕಲಿಸಿ ಬಾ. ಇಲ್ಲಿ ಕೆಲಸ ಹೆಚ್ಚಾಗತೈತಿ, ಕಡಿಮಿ ಆಗಂಗಿಲ್ಲ. ಎರಡೂ ಕಡಿ ನೀನೇ ಮೇಸ್ತ್ರಿ."

ಅವಳು ನಂಬಿದಳು. ನಂಬದಿರಲು ಕಾರಣವೂ ಇರಲಿಲ್ಲ. ಗಂಡ ಸತ್ತಾಗ ಅವಳ ಜಾಗಕ್ಕೆ ಬೇರೊಬ್ಬಳನ್ನು ಕೂಡಿಸದೆ ತಿಂಗಳು ಕಾದವರು ಅವರೇ. ಹೊಳಗುಂದದಲ್ಲಿ ಉರುಕುಂದಮ್ಮನೆಂಬ ಎಳೆಯ ಹೆಣ್ಣುಮಗಳ ಮನೆಯಲ್ಲಿ ಇಳಿದಳು. ಆ ಹುಡುಗಿ ಅಕ್ಕಾ ಅಕ್ಕಾ ಎನ್ನುತ್ತ ಮೊದಲ ಬಿಸಿ ರೊಟ್ಟಿಯನ್ನು ಇವಳ ತಾಟಿಗೇ ಹಾಕುತ್ತಿದ್ದಳು. ಶಂಕರಮ್ಮ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕಲಿಸಿದ್ದಳು, ಅಕ್ಷರ ತಿದ್ದಿಸಿದ ಹಾಗೆ.

ಈಗ ಮೊರ ಕೆಳಗಿಟ್ಟು ಎದ್ದಳು. ರಾಯರ ಮೇಜಿನ ಮುಂದೆ ಹೋಗಿ ನಿಂತಳು.

"ಮೇಸ್ತ್ರಿ ಮಾಡತೀನಿ ಅಂದಿದ್ರಿ."

ರಾಯರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. "ಯೂನಿಯನ್ ಬಂದಮ್ಯಾಲೆ ಈ ಊರಾಗ ಕೂಲಿ ಎಲ್ಲಿಗೆ ಏರೈತಿ, ನಿನಗ ಗೊತ್ತಿಲ್ಲೇನು? ಆ ಪರದೇಶದವರು ಹೆಂಗ ಉಳಕೊಂಡರೋ ನಾವೂ ಹಂಗ ಉಳಕೋಬೇಕಲ್ಲವಾ."

"ಮೇಸ್ತ್ರಿ ಯಾರೀಗ?"

"ಉರುಕುಂದಮ್ಮ. ಆಕಿ ಅಲ್ಲೇ ಅದಾಳ. ನೀ ಭೇಷ್ ತಯಾರು ಮಾಡೀದಿ."

ಅದನ್ನು ಹೊಗಳಿಕೆಯೆಂದೇ ಹೇಳಿದರು. ಶಂಕರಮ್ಮ ಮೇಜಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ಬ್ಯಾಸಿಗ್ಯಾಗ ನನ್ನ ಕಳಸೋವಾಗನ ಇದು ನಿಮಗ ಗೊತ್ತಿತ್ತೇನ್ರಿ?"

ರಾಯರು ಎದ್ದರು. ಗೋಡೆಗೆ ಒರಗಿಸಿದ್ದ ಚೀಲವೊಂದರ ಬಾಯಿ ಬಿಚ್ಚಿದರು. "ಹೊಸ ಬೆಳಿ, ಹೊಳಗುಂದದ ಮೊದಲನೇ ಮಾಲು. ನಾಳೆ ಹಡಗಿಗೆ ಹೊರಡತೈತಿ. ಒಮ್ಮೆ ಕೈಯಾಡಿಸಿ ಹೇಳು. ನಿನ್ನ ಕೈ ಮ್ಯಾಲೆ ನನಗ ನಂಬಿಕಿ."

ಅವಳು ಮೊಣಕೈವರೆಗೆ ಕೈ ಇಳಿಸಿದಳು. ಕಾಳು ಒಂದಕ್ಕೊಂದು ಅಳೆದಿಟ್ಟ ಹಾಗಿತ್ತು. ತನ್ನ ಕೈಯೇ ಅಲ್ಲಿ ಹೋಗಿ ಆರಿಸಿದಂತೆ ಅನ್ನಿಸಿ, ಬೇಡವೆಂದರೂ ಒಂದು ಗಳಿಗೆ ಹೆಮ್ಮೆಯಾಯಿತು. ರೂಢಿಯಂತೆ ಒಂದು ಕಾಳನ್ನು ಎರಡು ಬೆರಳ ನಡುವೆ ತಿಕ್ಕಿದಳು. ಸಿಪ್ಪೆ ಬಿಡಲಿಲ್ಲ. ಇನ್ನೊಂದು ತಿಕ್ಕಿದಳು. ಅದೂ ಬಿಡಲಿಲ್ಲ.

ಒಳಗೆ ಹಸಿ ಇತ್ತು. ಸರಿಯಾಗಿ ಒಣಗಿದ ಕಾಳಾದರೆ ತಿಕ್ಕಿದ ಕೂಡಲೇ ಕೆಂಪು ಸಿಪ್ಪೆ ಕಳಚಿ ಬರುತ್ತದೆ. ಹೀಗೇ ಕಟ್ಟಿ ಹಡಗಿಗೆ ಹಾಕಿದರೆ ದಡ ಮುಟ್ಟುವ ಮೊದಲೇ ಬೂಷ್ಟು ಹಿಡಿಯುತ್ತದೆ. ಇದೊಂದನ್ನು ಅವಳು ಹೊಳಗುಂದದಲ್ಲಿ ಕಲಿಸಿರಲಿಲ್ಲ. ಬೇಕೆಂದು ಬಚ್ಚಿಟ್ಟದ್ದಲ್ಲ. ಬೇಸಿಗೆಯಲ್ಲಿ ಹಳೆಯ ಮಾಲೆಲ್ಲ ಗರಿಗರಿ ಒಣಗಿತ್ತು, ಹಸಿ ಕಾಳಿನ ಮಾತೇ ನೆನಪಾಗಿರಲಿಲ್ಲ.

"ಹೆಂಗೈತಿ?" ಎಂದರು ರಾಯರು.

"ಎಲ್ಲಾ ಒಂದಳತಿ ಅದಾವ್ರಿ."

"ಪರವಾಲೇದಾ?" ಪರವಾಗಿಲ್ಲವಾ ಎನ್ನುವುದಕ್ಕೆ ರಾಯರಿಗೆ ಅವಸರದಲ್ಲಿ ತೆಲುಗೇ ಬರುತ್ತಿತ್ತು.

"ಅಳತಿ ಸರಿ ಐತ್ರಿ."

ರಾಯರು ಬಜಾರಪ್ಪನನ್ನು ಕರೆದು ಚೀಲ ಹೊಲಿಯಲು ಹೇಳಿದರು.

ಶಂಕರಮ್ಮ ತನ್ನ ಜಾಗಕ್ಕೆ ಬಂದು ಕೂತಳು. ಆ ಎರಡು ಕಾಳು ಇನ್ನೂ ಅಂಗೈಯಲ್ಲಿದ್ದವು. ಉರುಕುಂದಮ್ಮನ ಮುಖ ಕಣ್ಣ ಮುಂದೆ ಬಂತು, ರೊಟ್ಟಿಯ ಹಬೆ ಬಂತು. ಆ ಹುಡುಗಿಯ ತಪ್ಪೇನಿದೆ ಎಂದು ಎದೆಯೊಳಗೆ ಚುಚ್ಚಿತು. ಆದರೆ ಕಾಳನ್ನು ತೆಗೆದುಕೊಂಡು ಮತ್ತೆ ರಾಯರ ಬಳಿಗೆ ಹೋಗಲಿಲ್ಲ.

ಮಾಲು ಬೂಷ್ಟು ಹಿಡಿದಿದೆ ಎಂದು ಪರದೇಶದಿಂದ ಕಾಗದ ಬರುತ್ತದೆ. ಆಗ ರಾಯರು ಬಜಾರಪ್ಪನನ್ನು ಅವಳ ಮನೆಗೆ ಓಡಿಸುತ್ತಾರೆ. ಹೋಗಬಹುದು. ಆದರೆ ಈ ಸಲ ಒಬ್ಬಳೇ ಹೋಗುವುದಿಲ್ಲ. ಈ ಸಾಲಿನ ಹದಿನಾಲ್ಕು ಮೊರಗಳೂ ಇದೇ ನೆಲದ ಮೇಲೆ ಮತ್ತೆ ಸಾಲಾಗಿ ಕೂಡಬೇಕು. ಆಮೇಲೆಯೇ ಈ ಎರಡು ಬೆರಳು ಕಾಳು ಮುಟ್ಟುವುದು.

ಪಕ್ಕಕ್ಕೆ ನೋಡಿದಳು. ಹಸಿ ಕಾಳಿನ ಈ ಒಂದು ಮಾತು ಹೇಳಿದ್ದರೆ ವೀರಬಸಮ್ಮನ ಮೊಣಕಾಲು ಮತ್ತೆ ಬಂದು ತಾಗುತ್ತಿತ್ತು, ಸಂಚಿಯೂ ಬಿಚ್ಚುತ್ತಿತ್ತು. ಆದರೆ ಈ ಸಾಲಿನ ಮಾತು ಸಂಜೆಯೊಳಗೆ ರಾಯರ ಮೇಜಿಗೆ ಮುಟ್ಟುತ್ತದೆ.

ಶಂಕರಮ್ಮ ಕಾಳೆರಡನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮೊರ ತೊಡೆಯ ಮೇಲೆಳೆದುಕೊಂಡು ಉಳಿದ ಕಾಳನ್ನು ಆರಿಸತೊಡಗಿದಳು.