ಹಳದಿ ಬಣ್ಣದ ಮಕ್ಕಳ ಕೋಣೆ

ಬೀಗ ಹಾಕುವ ಮುಂಚೆ ಮಾಡಬೇಕಾದ ಕೆಲಸಗಳು ಅವಳಿಗೆ ಬಾಯಿಪಾಠ. ಒಲೆ ಆರಿಸಬೇಕು. ಬೆಂಕಿಪೊಟ್ಟಣವನ್ನು ಮೇಲಿನ ಹಲಗೆಗೆ ಎತ್ತಿಡಬೇಕು. ಚಾಕುವನ್ನು ಬಟ್ಟೆಗಳ ನಡುವೆ ಬಚ್ಚಿಡಬೇಕು. ಊಟದ ಡಬ್ಬಿ, ನೀರಿನ ಚೊಂಬು ಮಗಳ ಕೈಗೆ ಎಟುಕಬೇಕು. ಆಮೇಲೆ ಐದು ವರ್ಷದ ಗುಬ್ಬಿಯನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ. ಸಂಜೆ ಅವಳು ಲಾಂಡ್ರಿಯಿಂದ ಬರುವವರೆಗೆ ಮಗು ಕಿಟಕಿಯ ಸರಳಿಗೆ ಕೆನ್ನೆ ಒತ್ತಿಕೊಂಡು ಬೀದಿ ನೋಡುತ್ತಿರುತ್ತಿತ್ತು.

ಆವತ್ತು ಚಾಕು ಇನ್ನೂ ಕೈಯಲ್ಲಿರುವಾಗಲೇ ಬಾಗಿಲಿಗೆ ಲಾಂಡ್ರಿಯ ಸೂಪರ್‌ವೈಸರ್ ಬಂದ. ಚಾಕು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ಇವತ್ತು ಮಗೂನೂ ಕರ್ಕೊಂಡು ಬಾರಮ್ಮ."

ಮಗುವಿಗೆ ಜ್ವರ ಬಂದಾಗ ಬಟ್ಟೆ ಗಂಟುಗಳ ಹಿಂದೆ ಮಲಗಿಸಿಕೊಂಡಿದ್ದಳೆಂದು ಅವಳನ್ನು ಗೇಟಿನ ಹೊರಗೆ ನಿಲ್ಲಿಸಿದವನು ಇವನೇ.

"ಯಾಕೆ ಸಾರ್?"

"ಹೊರದೇಶದವರು ಬರ್ತಿದ್ದಾರೆ. ನಮ್ಮಲ್ಲಿ ಮನುಷ್ಯರಿಗೆ ಹಕ್ಕುಗಳು ಎಷ್ಟು ಸಿಕ್ಕಿವೆ ಅಂತ ನೋಡ್ಕೊಂಡು ಹೋಗಿ ದೊಡ್ಡ ಸಭೇಲಿ ಹೇಳ್ತಾರಂತೆ. ಕೆಲಸದ ಜಾಗದಲ್ಲಿ ಮಕ್ಕಳಿಗೊಂದು ಕೋಣೆ ಮಾಡಿಸ್ತೀವಿ ಅಂತ ಹೋದ ಸಲ ಸರಕಾರ ಅಲ್ಲಿ ಮಾತು ಕೊಟ್ಟಿತ್ತು."

"ಮಾಡಿಸಿದ್ರಾ?"

"ನಿನ್ನೆ ಸಂಜೆ."

"ಮಗೂಗೆ ಸ್ನಾನ ಆಗಿಲ್ವಲ್ಲ ಸಾರ್."

"ಇರ್ಲಿ ಬಿಡು. ನಮ್ದು ಲಾಂಡ್ರಿನೇ ತಾನೆ."

ಅವಳಿಗೆ ನಗು ತಡೆಯಲಾಗಲಿಲ್ಲ. ದಾರಿಯುದ್ದಕ್ಕೂ ಗುಬ್ಬಿ ಕುಣಿದಳು. ನೋಡಿದವರು ಏನೆಂದುಕೊಂಡರೋ, ತಾಯಿಯ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ.

ಹರಿದ ಬಟ್ಟೆ ತುಂಬುತ್ತಿದ್ದ ಉಗ್ರಾಣ ಹಳದಿಯಾಗಿ ಹೊಳೆಯುತ್ತಿತ್ತು. ಬಣ್ಣ ಇನ್ನೂ ಒಣಗಿರಲಿಲ್ಲ. ಗೋಡೆಗೆ ಒರಗಿದ ಮಕ್ಕಳೆಲ್ಲ ಹಳದಿ ಬೆನ್ನು ಹೊತ್ತು ಓಡಾಡುತ್ತಿದ್ದವು. ಹೋಟೆಲಿಗೆ ಹೋಗಬೇಕಾದ ಬಿಳಿ ಚಾದರಗಳು ಪುಟ್ಟ ಹಾಸಿಗೆಗಳ ಮೇಲೆ ಹರಡಿದ್ದವು. ಕರಡಿ, ರೈಲು, ಚೆಂಡು ಎಲ್ಲ ಪ್ಲಾಸ್ಟಿಕ್ ಕವರಿನೊಳಗೇ ಇದ್ದವು.

"ಕವರ್ ಹರೀಬೇಡ್ರೋ," ಸೂಪರ್‌ವೈಸರ್ ಗೋಗರೆಯುತ್ತಿದ್ದ. "ಅಂಗಡಿಗೆ ವಾಪಸ್ ಕೊಡ್ಬೇಕು."

ಮಕ್ಕಳು ಸಾಲದೆ ಬಂದದ್ದಕ್ಕೆ ಇಸ್ತ್ರಿ ಸಾಲಿನ ದಪ್ಪಕ್ಕ ತನ್ನ ಮಗನನ್ನೂ ಎಳೆದು ತಂದಿದ್ದಳು. ಅವನಿಗೆ ಮೀಸೆ ಚಿಗುರುತ್ತಿತ್ತು.

"ಮಂಡಿ ಮಡಚ್ಕೊಂಡು ಕೂತ್ಕೋ. ಯಾರಾದ್ರೂ ವಯಸ್ಸು ಕೇಳಿದ್ರೆ ಆರು ಅನ್ನು."

"ಆರಾ? ಅಮ್ಮಾ, ನಂಗೆ ಮರ್ಯಾದೆ ಇಲ್ವಾ?"

"ಇವತ್ತೊಂದಿನ ಇಲ್ಲ ಕಣೋ."

ಇಸ್ತ್ರಿ ಮಾಡುವ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಬ್ಬಿಯ ತಾಯಿಯ ಮಿಷನ್ನಿನ ಎದುರಿಗೇ ಕೋಣೆಯ ಕಿಟಕಿ. ತಲೆ ಎತ್ತಿದರೆ ಮಗಳು. ಬಗ್ಗಿ ಚಾದರ ಮಡಚಿ ಮತ್ತೆ ಎತ್ತಿದರೂ ಮಗಳು. ಮಗು ಬಿದ್ದಿದೆಯೋ, ಅಳುತ್ತಿದೆಯೋ ಎಂದು ದಿನವಿಡೀ ಕುದಿಯುತ್ತಿದ್ದ ಎದೆ ಇವತ್ತು ಸುಮ್ಮನಿತ್ತು. ಆ ಖುಷಿಗೆ ಚಾದರಗಳನ್ನೆಲ್ಲ ಅಡ್ಡಾದಿಡ್ಡಿ ಮಡಚಿದಳು.

ಊಟದ ಹೊತ್ತಿಗೆ ಹಿತ್ತಲಿಗೆ ಹೋದಾಗ ಕಂಡಿತು. ಹರಿದ ಬಟ್ಟೆಯ ಗಂಟುಗಳು ಟಾರ್ಪಾಲಿನ ಕೆಳಗೆ ಒತ್ತೊತ್ತಾಗಿ ಕೂತಿದ್ದವು, ತಮ್ಮ ಜಾಗ ಖಾಲಿಯಾಗಲಿ ಎಂದು ಕಾಯುವವರ ಹಾಗೆ. ಗುಬ್ಬಿಯೂ ನೋಡಿದಳು.

"ಅಮ್ಮಾ, ಒಂದು ಕೇಳ್ಲಾ?"

ಏನು ಕೇಳುತ್ತಾಳೆಂದು ತಾಯಿಗೆ ಗೊತ್ತಿತ್ತು. ಉತ್ತರವೂ ಗೊತ್ತಿತ್ತು. ಮಗಳ ಬಾಯಿಗೆ ತುತ್ತಿಟ್ಟಳು.

"ಆಮೇಲೆ ಕೇಳು ಚಿನ್ನ."

ಮಧ್ಯಾಹ್ನ ಕಾರುಗಳು ಬಂದವು. ಬೆಳ್ಳಿ ಕೂದಲಿನ ಪರದೇಶದ ಹೆಂಗಸು, ಅವಳ ಮಾತನ್ನು ಕನ್ನಡದಲ್ಲಿ ತಿಳಿಸಿ ಹೇಳುವ ಹುಡುಗಿ, ನಗುಮುಖದ ನಮ್ಮ ಅಧಿಕಾರಿ.

"ಕೊಟ್ಟ ಮಾತು ಉಳಿಸ್ಕೊಂಡಿದ್ದೀವಿ," ಎಂದು ಅಧಿಕಾರಿ ಕೋಣೆಯ ಗೋಡೆ ತಟ್ಟಿದ. ಅಂಗೈ ಹಳದಿಯಾಯಿತು. ಕೈ ಬೆನ್ನ ಹಿಂದೆ ಹೋಯಿತು.

ಬೆಳ್ಳಿ ಕೂದಲಿನವಳು ದಪ್ಪಕ್ಕನ ಮಗನ ವಯಸ್ಸು ಕೇಳಿದಳು.

"ಆರು," ಎಂದ ಅವನು, ಒಡೆದ ಗಂಡುದನಿಯಲ್ಲಿ.

ಇಸ್ತ್ರಿ ಸಾಲಿನಿಂದ ನಗು ಸಿಡಿಯಿತು. ಅಧಿಕಾರಿ ಕೆಮ್ಮಿದ. ಬೆಳ್ಳಿ ಕೂದಲಿನವಳು ನಗುತ್ತಲೇ ಗುಬ್ಬಿಯ ಮುಂದೆ ಮಂಡಿಯೂರಿ ಏನೋ ಅಂದಳು. ಜೊತೆಯ ಹುಡುಗಿ ಕನ್ನಡದಲ್ಲಿ ತಿಳಿಸಿದಳು: "ನಿಂಗೇನಾದ್ರೂ ಕೇಳೋದಿದೆಯಾ ಪುಟ್ಟಿ?"

"ಮಗೂಗೆ ನಾಚಿಕೆ ಮೇಡಂ," ಎಂದು ಸೂಪರ್‌ವೈಸರ್ ನಡುವೆ ಬಂದ.

ಗುಬ್ಬಿ ಕಿಟಕಿಯಾಚೆಯಿಂದ ತಾಯಿಯನ್ನು ನೋಡಿದಳು. ಸೂಪರ್‌ವೈಸರನೂ ನೋಡಿದ, ಕಣ್ಣು ಕೆಂಪಗೆ ಮಾಡಿಕೊಂಡು. ಬಾಯಿ ಬಿಟ್ಟರೆ ನಾಳೆ ಕೆಲಸ ಇಲ್ಲ ಎಂದು ಆ ಕಣ್ಣು ಹೇಳುತ್ತಿತ್ತು. ಆದರೂ ತಾಯಿಯ ಎದೆಯೊಳಗೆ ಬೆಳಗಿನಿಂದ ಕುಣಿಯುತ್ತಿದ್ದದ್ದು ಇನ್ನೂ ನಿಂತಿರಲಿಲ್ಲ.

"ಕೇಳು ಮಗಳೇ," ಎಂದಳು. "ಜೋರಾಗಿ ಕೇಳು."

ಹಬೆಯ ಮಿಷನ್ನುಗಳ ಗದ್ದಲದಲ್ಲಿ ಮಗುವಿನ ದನಿ ಯಾರಿಗೆ ಕೇಳೀತು. ದಪ್ಪಕ್ಕ ತನ್ನ ಮಿಷನ್ ಆರಿಸಿದಳು. ಪಕ್ಕದವಳೂ ಆರಿಸಿದಳು. ಅವಳಾಚೆಯವಳೂ.

"ಯಾರ್ರೀ ನಿಲ್ಲಿಸಿದ್ದು? ಆನ್ ಮಾಡ್ರಿ," ಎಂದ ಸೂಪರ್‌ವೈಸರ್.

ಯಾರೂ ಕೈ ಎತ್ತಲಿಲ್ಲ. ಲಾಂಡ್ರಿ ಪೂರ್ತಿ ನಿಶ್ಶಬ್ದವಾಯಿತು.

ಗುಬ್ಬಿ ಉಸಿರೆಳೆದುಕೊಂಡಳು.

"ನಾಳೆ ನೀವು ಬರ್ದೇ ಇದ್ರೂ ನಾನು ಇಲ್ಲಿಗೆ ಬರ್ಬೋದಾ?"