ಉಗುರುಬಣ್ಣದ ಗೆರೆ

ಕಲಬುರಗಿಯ ಗಾಜಿಪುರದಲ್ಲಿ ಅಮೋಘಪ್ಪನ ಮನೆಯ ಮುಂದೆ ಆ ಕೆಂಪು ಕಾರು ಬಂದು ನಿಂತದ್ದು ಎರಡು ಸಾವಿರದ ಮೂರನೆಯ ಇಸವಿಯ ಮಳೆಗಾಲ ಮುಗಿದ ಮೇಲೆ. ಹೈದರಾಬಾದಿನ ಸೋದರಮಾವನ ಮಗ ರೇಸಿನ ಹುಚ್ಚಿಗೆ ಸಾಕಿಕೊಂಡಿದ್ದ ಗಾಡಿ ಅದು. ಮನೆಯಲ್ಲಿ ಕಾರಾದರೂ ಇರಬೇಕು, ನಾನಾದರೂ ಇರಬೇಕು ಎಂದು ಅವನ ಹೊಸ ಹೆಂಡತಿ ಹಟ ಹಿಡಿದಳಂತೆ. ಹಾಗಾಗಿ ಕಾರು ಕಲಬುರಗಿಯ ಪಾಲಾಯಿತು.

ಅಮೋಘಪ್ಪನಿಗೆ ವೇಗದ ಚಟ ಇರಲಿಲ್ಲ. ನೀರು ಸರಬರಾಜು ಕಚೇರಿಯ ಗುಮಾಸ್ತ, ಬೀಗ ಹಾಕಿದ ಬಾಗಿಲನ್ನು ಮತ್ತೆ ಮತ್ತೆ ಎಳೆದು ನೋಡುವ ಮನುಷ್ಯ. ಕಾರು ಬೇಕಾದದ್ದು ಹೆಂಡತಿ ಮಾನಮ್ಮನಿಗಾಗಿ. ಅವಳು ಕಮಲಾಪುರದ ಶಾಲೆಯಲ್ಲಿ ಟೀಚರು, ಏಳು ತಿಂಗಳ ಬಸುರಿ. ಹಿಂದಿನ ಕೂಸು ಉಳಿದಿರಲಿಲ್ಲ. ಈ ಸಲ ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದರು.

ಆದರೆ ಕಾರೇನೂ ಬಸ್ಸಿಗಿಂತ ಸಾಧುವಾಗಿರಲಿಲ್ಲ. ಎಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತಿದರೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಚಿಮ್ಮುತ್ತಿತ್ತು. ಇದು ಟರ್ಬೊದ ಆಟ, ಎಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ತುರುಕುತ್ತದೆ, ಅದನ್ನು ತಗ್ಗಿಸಿದರೆ ಗಾಡಿ ಮನುಷ್ಯರಂತೆ ನಡೆಯುತ್ತದೆ ಎಂದ ಮೋಮಿನಪುರದ ಮೆಕ್ಯಾನಿಕ್ ಲಾಡ್ಲೇಸಾಬ.

ಭಾನುವಾರ ಅವನೇ ಚೀಲ ಹೊತ್ತು ಮನೆಗೆ ಬಂದ. ಹೈದರಾಬಾದಿನವರು ಜೋರಿಗಾಗಿ ಕೂಡಿಸಿದ್ದ ಪುಟ್ಟ ನಲ್ಲಿಯನ್ನು ಬಿಚ್ಚಿ ಒಗೆದ. ಅದರ ಬದಲು ಕಿರುಬೆರಳಿನ ಗಾತ್ರದ ಮೆತ್ತನೆಯ ರಬ್ಬರ್ ಪೈಪೊಂದನ್ನು ಟರ್ಬೊದಿಂದ ಒಂದು ಡಬ್ಬಿಗೆ ನೇರವಾಗಿ ಜೋಡಿಸಿದ. ಒತ್ತಡ ಹೆಚ್ಚಾದರೆ ಈ ಪೈಪಿನ ಗಾಳಿ ಡಬ್ಬಿಯನ್ನು ತಳ್ಳುತ್ತದೆ, ಡಬ್ಬಿ ಒಂದು ಬಾಗಿಲು ತೆರೆಯುತ್ತದೆ, ಟರ್ಬೊದ ಸೊಕ್ಕು ಅಲ್ಲಿಗೇ ಇಳಿಯುತ್ತದೆ ಎಂದು ವಿವರಿಸಿದ. ಕಟ್ಟೆಯ ಮೇಲೆ ಕುಳಿತಿದ್ದ ಅಮೋಘಪ್ಪನ ತಾಯಿ ಮಲ್ಕಮ್ಮ ಎದ್ದು ಬಂದು, ಅದೇನದು ಕರುಳಿನಂಥಾದ್ದು ಎಂದು ಕೇಳಿದಳು.

ಲಾಡ್ಲೇಸಾಬ ನಕ್ಕ. "ಅಮ್ಮಾ, ಇದೇ ನೋಡ್ರಿ ಈ ಗಾಡಿ ಜೀವ. ಇದು ಸಲಾಮತ್ ಇದ್ರ ನಿಮ್ಮ ಸೊಸಿ ಸಲಾಮತ್."

ಜಗತ್ ಸರ್ಕಲ್‌ವರೆಗೆ ಓಡಿಸಿ ನೋಡಿದರು. ಕಾರು ಮುದಿ ಎತ್ತಿನ ಹಾಗೆ ನಡೆಯಿತು. ಗಾಳಿಯ ಒತ್ತಡ ತೋರಿಸುವ ಗಡಿಯಾರದಂಥ ಮೀಟರಿನ ಮೇಲೆ ಲಾಡ್ಲೇಸಾಬ ಮಾನಮ್ಮನ ಉಗುರುಬಣ್ಣದಿಂದ ಒಂದು ಗೆರೆ ಎಳೆದು, ಮುಳ್ಳು ಇದನ್ನು ದಾಟುವುದಿಲ್ಲ ಎಂದು ಭರವಸೆ ಕೊಟ್ಟ. ಎಂಜಿನ್ ಆರಲಿ ಎಂದು ಬಾನೆಟ್ ತೆರೆದಿಟ್ಟೇ ಇಬ್ಬರೂ ಒಳಗೆ ಹೋಗಿ ಚಹಾ ಕುಡಿದರು.

ಮರುದಿನ ಮುಂಜಾನೆ ಅಮೋಘಪ್ಪ ಹೆಂಡತಿಯನ್ನು ಕೂಡಿಸಿಕೊಂಡು ಹೊರಟ. ಊರು ದಾಟಿದರೂ ಮೆಲ್ಲಗೇ ಹೊಡೆದ. ಕಾಲು ಪೂರ್ತಿ ಒತ್ತುವ ಪ್ರಮೇಯವೇ ಬರಲಿಲ್ಲ. ಮುಳ್ಳು ಗೆರೆಯ ಹತ್ತಿರವೂ ಸುಳಿಯಲಿಲ್ಲ. ಮಾನಮ್ಮ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ್ದಳು.

ಕಮಲಾಪುರ ಇನ್ನೇನು ಬಂತು ಎನ್ನುವಾಗ ಏರಿನಲ್ಲಿ ಬಾಳೆಗೊನೆ ಹೇರಿದ ಟ್ರ್ಯಾಕ್ಟರೊಂದು ತೆವಳುತ್ತಿತ್ತು. ಎದುರಿನ ದಾರಿ ಖಾಲಿ. ಅಮೋಘಪ್ಪ ಬಲಕ್ಕೆ ತಿರುವಿ ಕಾಲು ಒತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಾರು ಸಿಳ್ಳೆ ಹೊಡೆಯಿತು. ಅವನ ಬೆನ್ನು ಸೀಟಿಗೆ ಅಂಟಿತು. ಮುಳ್ಳು ಉಗುರುಬಣ್ಣದ ಗೆರೆಯನ್ನು ದಾಟಿ ಮೀಟರಿನ ಕೊನೆಗೆ ಹೋಗಿ ಬಡಿಯಿತು. ಟ್ರ್ಯಾಕ್ಟರ್ ಹಿಂದಾಯಿತು, ಏರು ಮುಗಿಯಿತು, ಎದುರಿಗೆ ಲಾರಿಯ ಮೋರೆ. ಕಾಲು ತೆಗೆದು ಬ್ರೇಕ್ ತುಳಿದು ಎಡಕ್ಕೆ ಎಳೆದ. ಕಾರು ರಸ್ತೆ ಬಿಟ್ಟು ಮಣ್ಣಿನಲ್ಲಿ ಜಾರಿ ಬೇವಿನ ಮರದಿಂದ ಗೇಣು ದೂರದಲ್ಲಿ ನಿಂತಿತು. ಲಾರಿ ಹಾರ್ನ್ ಒತ್ತಿಕೊಂಡೇ ಹೋಯಿತು.

ಮಾನಮ್ಮನ ಎರಡೂ ಕೈ ಹೊಟ್ಟೆಯ ಮೇಲಿದ್ದವು. ಅವಳು ಅಳಲಿಲ್ಲ, ಬೈಯಲಿಲ್ಲ. ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ ನೋಡಿ ಸಣ್ಣ ದನಿಯಲ್ಲಿ ಅಂದಳು.

"ಕೂಸು ಹೊಳ್ಳಾಡವಲ್ದು ರೀ."

ಕೂಸು ಮಿಸುಕುತ್ತಿಲ್ಲ ಎಂದರೆ ಆಸ್ಪತ್ರೆಗೆ ಓಡಬೇಕೆಂದು ಅಮೋಘಪ್ಪನಿಗೆ ಗೊತ್ತು. ಕೀಲಿ ತಿರುಗಿಸಲು ಕೈ ಏಳಲಿಲ್ಲ. ಈ ಕಾರಿನಲ್ಲಿ ಅವಳನ್ನು ಇನ್ನೊಂದು ಮಾರು ಒಯ್ಯುವುದಕ್ಕೂ ಧೈರ್ಯವಿಲ್ಲ. ಅಷ್ಟರಲ್ಲಿ ಹಿಂದುಳಿದಿದ್ದ ಟ್ರ್ಯಾಕ್ಟರ್ ಬಂದು ನಿಂತಿತು. ಗೊನೆಗಳ ನಡುವೆ ಕುಳಿತಿದ್ದ ಮುದುಕಿಯೊಬ್ಬಳು ಇಳಿದು ಬಂದು, ಏನನ್ನೂ ಕೇಳದೆ ಮಾನಮ್ಮನನ್ನು ನೆರಳಿಗೆ ಕರೆದೊಯ್ದು ಎಡಮಗ್ಗುಲಾಗಿ ಮಲಗಿಸಿದಳು. ಕೆಂಪು ಬಾಳೆಹಣ್ಣು ಸುಲಿದು ತುಣುಕು ತುಣುಕಾಗಿ ತಿನ್ನಿಸಿದಳು. ಅಮೋಘಪ್ಪ ಹೆಂಡತಿಯ ಮುಖವನ್ನೇ ನೋಡುತ್ತ ನಿಂತ. ಕೊನೆಗೆ ಅವಳ ಹುಬ್ಬು ಸಡಿಲವಾಯಿತು. "ಒದೀತು" ಅಂದಳು, ಆಮೇಲೆ ಅತ್ತಳು. ಟ್ರ್ಯಾಕ್ಟರಿನಲ್ಲೇ ಕುಳಿತು ಕಮಲಾಪುರದ ಆಸ್ಪತ್ರೆಗೆ ಹೋದಳು. ಕಾರಿನ ಕಡೆ ತಿರುಗಿ ನೋಡಲಿಲ್ಲ. ಏನೂ ಭಯವಿಲ್ಲವೆಂದು ನರ್ಸಮ್ಮ ಹೇಳಿದ ಮೇಲೆಯೇ ಜೊತೆಗೆ ಹೋಗಿದ್ದ ಅಮೋಘಪ್ಪ ಅವಳನ್ನು ಅಲ್ಲೇ ಬಿಟ್ಟು, ಮರದ ಬಳಿ ನಿಂತಿದ್ದ ಕಾರು ತೆಗೆದುಕೊಂಡು, ಎತ್ತಿನ ಬಂಡಿಯ ಹಾಗೆ ಹೊಡೆಯುತ್ತ ಮೋಮಿನಪುರಕ್ಕೆ ಬಂದ.

ಲಾಡ್ಲೇಸಾಬನ ಮುಂದೆ ನಿಂತಾಗ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಕರಗಿಹೋಯಿತು. ಕೆಲಸ ಸರಿಯಾಗಿ ಮಾಡಿರಲಿಲ್ಲವೇ ಎಂದಷ್ಟೇ ಕೇಳಿದ. ಲಾಡ್ಲೇಸಾಬ ಕೈಯಲ್ಲಿದ್ದ ಚಹಾ ಕೆಳಗಿಟ್ಟು ಬಾನೆಟ್ ಎತ್ತಿದ, ಬಗ್ಗಿದ, ಬಗ್ಗಿದವನು ಹಾಗೇ ನಿಂತ.

"ಅಣ್ಣಾ, ಇದು ಯಾರ ಕೆಲಸರಿ?"

ಮೆತ್ತನೆಯ ಪೈಪಿನ ನಡುವಿಗೆ ಕರಿ ಉಣ್ಣೆಯ ದಾರ, ಸುತ್ತಿನ ಮೇಲೆ ಸುತ್ತು, ಗಂಟಿನ ಮೇಲೆ ಗಂಟು. ಪೈಪು ಅಲ್ಲಿ ಇರುವೆಯ ಸೊಂಟದಷ್ಟಾಗಿತ್ತು. ಗಾಳಿ ಡಬ್ಬಿಗೆ ತಲುಪಿರಲಿಲ್ಲ, ಬಾಗಿಲು ತೆರೆದಿರಲಿಲ್ಲ. ರೇಸಿನವರು ಕೂಡಿಸಿದ್ದ ನಲ್ಲಿಗಿಂತಲೂ ಇದು ಕೆಟ್ಟದ್ದಾಗಿತ್ತು.

ಅಮೋಘಪ್ಪ ಕೇಳಬೇಕಾಗಿರಲಿಲ್ಲ. ಅಂಥದೇ ದಾರ ಮಾನಮ್ಮನ ತೋಳಿನಲ್ಲೂ ಇತ್ತು. ಹೊಸ ಎತ್ತು ಬಂದರೆ ಅವನ ತಾಯಿ ಕಟ್ಟುತ್ತಿದ್ದದ್ದೂ ಅದನ್ನೇ: ಜೀವ ಇರುವಲ್ಲಿ, ಜನರ ಕಣ್ಣಿಗೆ ಬೀಳದ ಹಾಗೆ. ಸಡಿಲ ಕಟ್ಟಿದರೆ ದೃಷ್ಟಿ ನುಸುಳುತ್ತದೆ ಎನ್ನುತ್ತಿದ್ದಳು. ಲಾಡ್ಲೇಸಾಬ ತನ್ನ ಹಣೆ ಬಡಿದುಕೊಂಡ. ಜೀವ ಅಂದವನು ನಾನೇ ಅಲ್ಲವೇ ಎಂದ. ದಾರ ಕತ್ತರಿಸಿ ಅಮೋಘಪ್ಪನ ಕೈಗಿಟ್ಟು ಹೊಸ ಪೈಪು ಹಾಕಿದ.

ತಾಯಿಗೆ ಹೇಳುವುದೋ ಬಿಡುವುದೋ ಎಂದು ಅಮೋಘಪ್ಪ ದಾರಿಯುದ್ದಕ್ಕೂ ತೂಗಿದ. ಹೇಳಿದರೆ ಮುದುಕಿ ಕುಸಿಯುತ್ತಾಳೆ. ಹೇಳದಿದ್ದರೆ ನಾಳೆ ಮತ್ತೆ ಕಟ್ಟುತ್ತಾಳೆ. ದಾರವನ್ನು ಅಂಗೈಯಲ್ಲಿ ಹಿಡಿದೇ ಮನೆಯ ಮೆಟ್ಟಿಲು ಹತ್ತಿದ. ಮಲ್ಕಮ್ಮ ಮೊದಲು ಅದನ್ನು ನೋಡಿದಳು, ಆಮೇಲೆ ಮಗನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದಳು.

"ನನ್ನ ಸೊಸಿ ಎಲ್ಲಿ?"

"ಛಲೋ ಅದಾಳ ಯವ್ವಾ. ಕೂಸೂ ಛಲೋ ಅದ." ಉಳಿದದ್ದನ್ನು ಅವನು ತಲೆ ತಗ್ಗಿಸಿಕೊಂಡು ಹೇಳಿದ, ಒಂದನ್ನೂ ಬಿಡದೆ.

ಮಲ್ಕಮ್ಮ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಕೈಗಳನ್ನು ತಿರುವಿ ತಿರುವಿ ನೋಡಿಕೊಂಡಳು, ಬೇರೆ ಯಾರದೋ ಕೈ ಎಂಬಂತೆ. ಸಂಜೆ ಮಾನಮ್ಮ ಜೊತೆಯ ಟೀಚರೊಬ್ಬರ ಜೀಪಿನಲ್ಲಿ ಬಂದಾಗಲೂ ಅಲ್ಲೇ ಇದ್ದಳು.

ಮುಂಜಾನೆ ಮಾನಮ್ಮ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ಬಸ್ಸಿಗೆ ಹೋಗುತ್ತೇನೆ ಎಂದು ರಾತ್ರಿಯೇ ಹೇಳಿದ್ದಳು. ನೋಡಿದರೆ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಸೆರಗು ಹೊದ್ದು ಕುಳಿತಿದ್ದಾಳೆ, ಎಂದೂ ಕಾರು ಹತ್ತದವಳು.

"ನಾ ಬರ್ತೀನಿ. ಆ ಮುಳ್ಳ ಎಲ್ಲಿ ನಿಂದರ್ತದ ನೋಡೇ ಬಿಡ್ತೀನಿ. ಹಾರಿದ್ರ ನನ್ನನ್ನೂ ಹೊತ್ಕೊಂಡು ಹಾರ್ಲಿ."

ಮಾನಮ್ಮ ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಹತ್ತಿ ಕುಳಿತಳು. ಊರು ದಾಟಿ ಬಯಲು ಬಂದಾಗ, ಹಿಂದೆ ಮುಂದೆ ಯಾರೂ ಇಲ್ಲದಲ್ಲಿ ಅಮೋಘಪ್ಪ ಹೇಳಿಯೇ ಕಾಲು ಒತ್ತಿದ. ಮುಳ್ಳು ಏರಿತು, ಕೆಂಪು ಗೆರೆಗೆ ಬಂದು ತಗಲಿತು, ಅಲ್ಲೇ ನಿಂತಿತು. ಹಿಂದಿನಿಂದ ಚಾಚಿದ ಮಲ್ಕಮ್ಮನ ಕೈ ಸೊಸೆಯ ಭುಜವನ್ನು ಕಚ್ಚಿ ಹಿಡಿದಿತ್ತು.

"ಅತ್ತಿ," ಅಂದಳು ಮಾನಮ್ಮ, "ಸ್ವಲ್ಪ ಸಡ್ಲ ಹಿಡೀರಿ."