ದೊಡ್ಡಬೀರಯ್ಯನ ಹೆಬ್ಬೆರಳು

ಗುಂಡ್ಲುಪೇಟೆ ಸಂತೆಯಲ್ಲಿ ಚಾಕು ಕೊಳ್ಳುವವರು ಅಂಗಡಿಯವನ ಮಾತು ನಂಬುತ್ತಿರಲಿಲ್ಲ. ಹಂಗಳದ ಕುರಿಗಾಹಿ ದೊಡ್ಡಬೀರಯ್ಯನ ಹೆಬ್ಬೆರಳನ್ನು ನಂಬುತ್ತಿದ್ದರು. ಅವನು ಅಂಚು ಸವರಿ ‘ಹ್ಞೂಂ’ ಅಂದರೆ ಜೇಬಿಗೆ, ‘ಥೂ’ ಅಂದರೆ ವಾಪಸ್ಸು ಡಬ್ಬಕ್ಕೆ. ಈ ದೊಡ್ಡಸ್ತಿಕೆಗೆ ಅವನಿಗೆ ದಕ್ಕುತ್ತಿದ್ದುದು ಒಂದು ಲೋಟ ಕಾಫಿ, ಬೇಕಾದಷ್ಟು ಜಂಬ.

ಅವತ್ತು ಸಿದ್ದಮಲ್ಲಪ್ಪನ ಅಂಗಡಿಗೆ ಯಾವುದೋ ಹೊಸ ಕಾರ್ಖಾನೆಯ ಮಡಚು ಚಾಕುಗಳು ಬಂದಿದ್ದವು. ಮೂರು ಡಜನ್, ಬಿಳಿ ಮೂಳೆಯ ಹಿಡಿಯವು. ಪಾಪ, ಅವನು ಅಂಗಡಿ ಇಟ್ಟು ತಿಂಗಳಾಗಿತ್ತಷ್ಟೇ. ಇವತ್ತು ಹೆಸರು ಕೆಟ್ಟರೆ ಮುಂದಿನ ಸಂತೆಗೆ ಬಾಗಿಲು ತೆಗೆಯುವುದೇ ಅನುಮಾನ.

ಬೀರಯ್ಯ ಮೊದಲನೆಯದನ್ನು ಎತ್ತಿಕೊಂಡ. ಮಡಚಿ ಬಿಸಿಲಿಗೆ ಹಿಡಿದ: ಹಿಡಿಗೂ ಸ್ಪ್ರಿಂಗಿಗೂ ನಡುವೆ ಬೆಳಕು ತೂರಲಿಲ್ಲ. ಬಿಚ್ಚಿ ಅಲ್ಲಾಡಿಸಿದ: ಮೊಳೆ ಬಿಗಿಯಾಗಿತ್ತು. ಅಲಗು ಎಲ್ಲೂ ಉಜ್ಜದೆ ನಟ್ಟನಡುವೆ ಕೂರುತ್ತಿತ್ತು. ಆಮೇಲೆ ಹೆಬ್ಬೆರಳನ್ನು ಅಂಚಿಗೆ ಅಡ್ಡಲಾಗಿ ಸವರಿದ. ಬೆರಳಿಗೆ ಏನೂ ಹತ್ತಲಿಲ್ಲ.

“ಮೊಂಡ” ಅಂದ.

ಎರಡನೆಯದೂ ಹಾಗೇ, ಮೂರು, ನಾಲ್ಕೂ ಹಾಗೇ. “ಕೆಲ್ಸವೇನೋ ಚಂದಾಗದೆ ಕಣ್ರಲಾ. ಸಾಣೆನೇ ಇಡ್ದಿಲ್ಲ. ಬೆಣ್ಣೆನೂ ಕುಯ್ಯಾಕಿಲ್ಲ ಇವು!”

ಜನ ನಕ್ಕರು. ಚಾಚಿದ್ದ ಕೈಗಳು ಹಿಂದಕ್ಕೆ ಹೋದವು. ಸಿದ್ದಮಲ್ಲಪ್ಪನ ಮುಖ ಬಿಳಿಚಿಕೊಂಡಿತು.

“ಬೀರಣ್ಣ, ನಿನ್ ಕಾಲಿಗೆ ಬೀಳ್ತೀನಿ, ಇನ್ನೊಂದ್ಸಲ ನೋಡು. ಬೆಳಿಗ್ಗೆ ನಾನೇ ಕಾಗ್ದ ಕುಯ್ದು ನೋಡಿವ್ನಿ.”

“ನಿನ್ ಕಾಗ್ದ ಯಾರಿಗ್ ಬೇಕು ಸಾವ್ಕಾರ್ರೇ? ನನ್ ಎಬ್ಬೆಟ್ಟು ಸುಳ್ಳೇಳ್ತದಾ?” ಎಂದು ಐದನೆಯದರ ಮೇಲೆ ಬೇಕೆಂದೇ ಬೆರಳು ಒತ್ತಿ ಎಳೆದ.

ಬಿಳಿ ಹಿಡಿಯ ಮೇಲೆ ಕೆಂಪಗೆ ಏನೋ ಇಳಿಯಿತು. ಯಾರೋ ಎಲೆಯಡಿಕೆ ಉಗಿದರು ಎಂದುಕೊಂಡು ಬಯ್ಯಲು ಬಾಯಿ ತೆರೆದವನು ತನ್ನ ಹೆಬ್ಬೆರಳು ನೋಡಿದ. ಮಾಂಸ ಕಾಣುವಷ್ಟು ಸೀಳಿತ್ತು. ಉರಿಯೇ ಇಲ್ಲ. ಉಗುರಿನಿಂದ ಒತ್ತಿದ. ಬೇರೆ ಯಾರದೋ ಬೆರಳು ಒತ್ತಿದ ಹಾಗಿತ್ತು.

ಸರಕ್ಕನೆ ಕೈಯನ್ನು ಕಂಬಳಿಯೊಳಗೆ ತೂರಿಸಿದ. ಹೋದ ತಿಂಗಳು ಬೀಡಿ ಬೆರಳು ಸುಟ್ಟದ್ದು ಅವನಿಗೆ ಗೊತ್ತಾದದ್ದು ವಾಸನೆಯಿಂದ. ಮೊಣಕೈಯ ಮಾಸಲು ಮಚ್ಚೆಯನ್ನು ತದ್ದು ಎಂದುಕೊಂಡು ಸುಮ್ಮನಿದ್ದ. ಪಕ್ಕದ ಮನೆಯ ದೊಡ್ಡಮಾದಯ್ಯನಿಗೂ ದೊಡ್ಡರೋಗ, ಅಂದರೆ ಕುಷ್ಠ, ಹೀಗೇ ಶುರುವಾದದ್ದು. ಈಗ ಅವನು ಊರಾಚೆಯ ಗುಡ್ಲಿನಲ್ಲಿದ್ದಾನೆ. ಹೆತ್ತ ಮಗಳು ಮುದ್ದೆಯನ್ನು ದೂರದಲ್ಲಿಟ್ಟು ಕೂಗಿ ಹೋಗುತ್ತಾಳೆ.

ಸುಮ್ಮನೆ ಎದ್ದು ಹೋದರೆ ಯಾರಿಗೂ ತಿಳಿಯುವುದಿಲ್ಲ. ಚಾಕು ಮೊಂಡ, ಅಷ್ಟೇ. ಅತ್ತ ಸಿದ್ದಮಲ್ಲಪ್ಪ ಒಂದೊಂದೇ ಚಾಕು ಸುತ್ತಿಡುತ್ತಿದ್ದ. ಇಷ್ಟೊತ್ತು ಆಡಿದ ಸುಳ್ಳು ಗೊತ್ತಿಲ್ಲದೆ ಆಡಿದ್ದು. ಇನ್ನು ಬಾಯಿ ಮುಚ್ಚಿಕೊಂಡರೆ ಗೊತ್ತಿದ್ದೇ ಆಡಿದ ಹಾಗೆ. ಬೀರಯ್ಯನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ನಿಲ್ರಲಾ!” ಅಂದ. ಅದೇ ಚಾಕುವನ್ನು ಎಡಗೈ ಮೇಲೆ ಎಳೆದು ತೋರಿಸಿದ. ಅದು ಕೂದಲನ್ನು ನುಣ್ಣಗೆ ಬೋಳಿಸಿತು. “ಅಲಗು ಚಂದಾಗದೆ. ಎಲ್ಲಾವೂ ಚಂದಾಗವೆ.”

“ಮತ್ತೆ ಮೊಂಡ ಅಂದಲ್ಲಾ?” ಎಂದ ಒಬ್ಬ.

ಬೀರಯ್ಯ ಹೆಬ್ಬೆರಳು ಎತ್ತಿ ಹಿಡಿದ. ರಕ್ತ ಮಣಿಕಟ್ಟಿಗೆ ಇಳಿದಿತ್ತು. “ಇಷ್ಟು ಕುಯ್ದದೆ. ನಂಗೆ ತಿಳೀಲೇ ಇಲ್ಲ.”

ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು. ಬೀರಯ್ಯ ಚಾಕು ಚಾಚಿದ. ಈಗಷ್ಟೇ ಕಾಲಿಗೆ ಬೀಳಲು ಹೊರಟಿದ್ದ ಸಿದ್ದಮಲ್ಲಪ್ಪನ ಕೈ ಅರ್ಧಕ್ಕೆ ಬಂದು ನಿಂತಿತು.

“ಅಲ್ಲೇ... ಅಲ್ಲೇ ಮಡಗ್ಬುಡು ಬೀರಣ್ಣ.”

ಬೀರಯ್ಯ ಇಟ್ಟು ಆಚೆ ಹೋಗಿ ಕೂತ. ಜನ ಅಂಗಡಿಗೆ ಮುತ್ತಿದರು. ಅವನು ಮುಟ್ಟಿದ ಐದನ್ನು ಬಿಟ್ಟು ಉಳಿದೆಲ್ಲ ಖರ್ಚಾದವು.

ಸಂತೆಯ ಆ ತುದಿಯಲ್ಲಿ ಹುಣಸೆಹಣ್ಣು ಮಾರುತ್ತಿದ್ದ ಹೆಂಡತಿ ಮರಿತಾಯಮ್ಮ ಸುದ್ದಿ ಕೇಳಿ ಓಡಿಬಂದಳು. ಸೆರಗಿನ ಅಂಚು ಹರಿದು ಅವನ ಕೈ ಹಿಡಿದಳು.

“ಮುಟ್ಬ್ಯಾಡ ಕಣಮ್ಮಿ.”

“ಮೂವತ್ತೊರ್ಸ ಮುಟ್ಟಿವ್ನಿ. ಸುಮ್ಕಿರು” ಎಂದು ಗದರಿ ಬಟ್ಟೆ ಸುತ್ತಿ ಗಂಟೆಳೆದಳು. “ಬಿಗೀ ಆಯ್ತಾ?”

“ಗೊತ್ತಾಯ್ತಾ ಇಲ್ಲ” ಎಂದು ಬೀರಯ್ಯ ಸಂತೆಯ ನಡುವೆ ಕೂತು ಅತ್ತ.